ಕಂಬಳಿಯೊಳಗಿನ ಕೂದಲು

ಕಂಬಳಿಯ ಮೇಲೆ ಕೂತು ಉಣ್ಣುವವನು ಅನ್ನದಲ್ಲಿ ಕೂದಲು ಸಿಕ್ಕಿತೆಂದು ಸಿಡುಕಿದರೆ ನೋಡಿದವರು ನಗುತ್ತಾರೆ. ಈ ನಗೆಯಿಂದ ಕನ್ನಡದಲ್ಲಿ ಒಂದು ಗಾದೆಯೇ ಹುಟ್ಟಿದೆ. ಕುಳಿತ ಜಾಗವೆಲ್ಲ ಕೂದಲೇ ಆಗಿರುವಾಗ ಕೂದಲಿನ ಮೇಲೆ ದೂರು ಹೇಳಿ ಫಲವೇನು ಎಂಬುದು ಅದರ ತಾತ್ಪರ್ಯ. ಆದರೆ ಗಾದೆಯನ್ನು ಬದಿಗಿಟ್ಟು ಕಂಬಳಿಯನ್ನೇ ಕೈಗೆತ್ತಿಕೊಂಡರೆ ಬೇರೊಂದು ಪ್ರಶ್ನೆ ಏಳುತ್ತದೆ. ಅದು ಉಣ್ಣೆಯ ಬಟ್ಟೆ. ಉಣ್ಣೆಯೆಂದರೆ ಮೃದು ಎಂದು ಶಾಲೆಯ ಪಾಠ ಹೇಳುತ್ತದೆ. ಹಾಗಾದರೆ ಅದು ಮೈಗೆ ಚುಚ್ಚುವುದೇಕೆ? ಚುಚ್ಚುವ ಬಟ್ಟೆಯನ್ನು ದಖ್ಖನದ ಜನ ನೂರಾರು ವರ್ಷ ಹೊದ್ದದ್ದೇಕೆ?

ಉತ್ತರ ಹುಡುಕಲು ವಿಜಯಪುರ ಜಿಲ್ಲೆಯ ಪಡುವಣ ಅಂಚು ತಕ್ಕ ಜಾಗ. ತಿಕೋಟಾ ತಾಲ್ಲೂಕಿನ ಬಿಜ್ಜರಗಿ ಆ ಅಂಚಿನ ಒಂದು ಊರು. ಅಲ್ಲಿಂದ ಪಡುವಣಕ್ಕೆ ನಡೆದರೆ ಮಹಾರಾಷ್ಟ್ರದ ಜತ್ತ ತಾಲ್ಲೂಕು ಎದುರಾಗುತ್ತದೆ. ರಾಜ್ಯದ ಗಡಿ ಮಧ್ಯೆ ಹಾದುಹೋಗಿದ್ದರೂ ನೆಲ ಒಂದೇ, ಮಾತೂ ಬಹುಪಾಲು ಒಂದೇ. ಆ ಕಡೆ ಹುಟ್ಟಿದ ಡೋಣಿ ಹೊಳೆ ಈ ಕಡೆಯ ಕರಿಮಣ್ಣಿನಲ್ಲಿ ಹರಿಯುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದೂ ನಂಬುವಂತಿಲ್ಲ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಚಳಿಗಾಲದ ರಾತ್ರಿ ಬಯಲಲ್ಲಿ ಮಲಗಿದವನ ಹಲ್ಲು ಕಟಕಟಿಸುವ ಥಂಡಿ. ಇಂಥ ನೆಲದಲ್ಲಿ ಬಿಳಿಜೋಳದ ಹೊಲವನ್ನು ನಂಬಿದವನಷ್ಟೇ ಕುರಿಯ ಹಿಂಡನ್ನು ನಂಬಿದವನೂ ಬದುಕಿದ. ಕನ್ನಡದಲ್ಲಿ ಅವನು ಕುರುಬ, ಹಾಲುಮತದವನು. ಗಡಿಯಾಚೆ ಮರಾಠಿಯಲ್ಲಿ ಧನಗರ.

ದಖ್ಖನದ ಕರಿಕುರಿ

ಈ ಪ್ರಸ್ಥಭೂಮಿಯ ಹಳೆಯ ಕುರಿಗೆ ಪಶುವೈದ್ಯರು ಕೊಟ್ಟ ಹೆಸರು ದಖ್ಖನಿ ತಳಿ. ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣ ಮತ್ತು ಆಂಧ್ರಪ್ರದೇಶದ ಒಣನಾಡುಗಳಲ್ಲಿ ಹರಡಿರುವ ಈ ಕುರಿ ನೋಟಕ್ಕೆ ದೊಡ್ಡದಲ್ಲ. ಬಣ್ಣ ಹೆಚ್ಚಾಗಿ ಕಪ್ಪು, ಕೆಲವಕ್ಕೆ ಕಪ್ಪಿನ ಮೇಲೆ ಬಿಳಿಯ ಮಚ್ಚೆ, ಕೆಲವು ಬೂದು ಬಣ್ಣದವು. ದಿನಕ್ಕೆ ಹತ್ತಾರು ಕಿಲೊಮೀಟರ್ ನಡೆಯುವ ಗಟ್ಟಿ ಕಾಲು, ಕೊಯ್ದ ಹೊಲದ ಕೂಳೆಯಲ್ಲೂ ಮುಳ್ಳುಪೊದೆಯಲ್ಲೂ ಹೊಟ್ಟೆ ತುಂಬಿಸಿಕೊಳ್ಳುವ ಗುಣ, ಬರವನ್ನು ತಾಳುವ ಮೈ. ಇವೇ ಅದರ ಆಸ್ತಿ.

ಉಣ್ಣೆಯ ಲೆಕ್ಕದಲ್ಲಿ ಮಾತ್ರ ಅದು ಬಡವಿ. ವರ್ಷಕ್ಕೆ ಎರಡು ಸಲ ಕತ್ತರಿಸಿದರೂ ಒಂದು ಕುರಿಯಿಂದ ಸಿಗುವುದು ಅರ್ಧ ಕಿಲೊದ ಆಸುಪಾಸು. ಎರಡು ಕಿಲೊ ತೂಗುವ ಒಂದು ಕಂಬಳಿಗೆ ನಾಲ್ಕು ಕುರಿಗಳ ಒಂದು ವರ್ಷದ ಉಣ್ಣೆ ಬೇಕು. ಹಿಂಜುವಾಗ, ನೂಲುವಾಗ ಹೋಗುವ ಕಸ ಕಳೆದರೆ ಐದು ಕುರಿ ಎಂದರೂ ಸರಿಯೆ. ಕಂಬಳಿಯೊಂದನ್ನು ಹೆಗಲಿಗೆ ಹಾಕಿಕೊಂಡವನು ಒಂದು ಪುಟ್ಟ ಹಿಂಡಿನ ಇಡೀ ವರ್ಷವನ್ನು ಹೊತ್ತಿರುತ್ತಾನೆ.

ಈ ಉಣ್ಣೆಯೊಳಗೆ ಎರಡು ಬಗೆಯ ಎಳೆಗಳಿವೆ. ಒಂದು ನಿಜವಾದ ಉಣ್ಣೆ: ತೆಳುವಾದ, ಸುರುಳಿಯಾದ, ಒಳಗೆ ಗಟ್ಟಿಯಾಗಿ ತುಂಬಿಕೊಂಡ ಎಳೆ. ಇನ್ನೊಂದು ಕೂದಲು: ದಪ್ಪ, ನೆಟ್ಟಗೆ, ನಡುವೆ ಗಾಳಿ ತುಂಬಿದ ಟೊಳ್ಳು ನಾಳವುಳ್ಳದ್ದು. ಎಳೆಯ ದಪ್ಪವನ್ನು ಮೈಕ್ರಾನ್‌ಗಳಲ್ಲಿ ಅಳೆಯುತ್ತಾರೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಸುಮಾರು 30 ಮೈಕ್ರಾನ್‌ಗಿಂತ ದಪ್ಪನೆಯ ಎಳೆಯ ತುದಿ ಚರ್ಮಕ್ಕೆ ತಾಗಿದಾಗ ಬಾಗುವುದಿಲ್ಲ, ಒತ್ತುತ್ತದೆ. ಚುಚ್ಚಿದಂತೆ ಅನಿಸುವುದು ಅದಕ್ಕೇ. ಆಸ್ಟ್ರೇಲಿಯದ ಮೆರಿನೊ ಕುರಿಯ ಎಳೆ 24 ಮೈಕ್ರಾನ್‌ಗಿಂತ ಕೆಳಗಿದ್ದರೆ, ದಖ್ಖನಿಯದು ಸಾಮಾನ್ಯವಾಗಿ 40 ದಾಟುತ್ತದೆ. ಗಾದೆ ಹೇಳುವ ಕೂದಲು ಇದೇ.

ಆದರೆ ಕಂಬಳಿಯ ಬಲವೂ ಈ ಕೂದಲೇ. ದಪ್ಪ ಎಳೆ ತೇಯುವುದು ನಿಧಾನ. ಕಲ್ಲಿನ ಮೇಲೆ ಹಾಸಿ, ಮುಳ್ಳಿನ ನಡುವೆ ಎಳೆದು, ಧಾನ್ಯ ಹೊರಲು ಬಳಸಿದರೂ ಬಟ್ಟೆ ತಾಳುತ್ತದೆ. ಮೇಲೆ ಬಿದ್ದ ಮಳೆಹನಿ ನೆಟ್ಟಗಿನ ಕೂದಲ ಗುಂಟ ಜಾರುತ್ತದೆ. ಎಳೆಗಂಟಿದ ಕುರಿಯ ಮೈಜಿಡ್ಡು ನೀರನ್ನು ತಡೆಯುತ್ತದೆ. ಮಳೆಗೆ ಕಂಬಳಿಯ ಒಂದು ಮೂಲೆ ಮಡಚಿ ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡ ಕುರುಬ ಹೊಲದ ಬದುವಿನಲ್ಲಿ ಗಂಟೆಗಟ್ಟಲೆ ನಿಲ್ಲಬಲ್ಲ. ಇನ್ನೊಂದು ಸೋಜಿಗವೂ ಉಂಟು. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದರಷ್ಟು ತೇವವನ್ನು ಹೀರಿಕೊಂಡರೂ ಕೈಗೆ ಒದ್ದೆಯೆನಿಸುವುದಿಲ್ಲ. ಹೀರುವಾಗ ಅದರಿಂದ ಸ್ವಲ್ಪ ಶಾಖವೂ ಹೊರಬರುತ್ತದೆ. ತಂಪು ಗಾಳಿ ಬೀಸುವ ಬಯಲಿನಲ್ಲಿ ಈ ಗುಣದ ಬೆಲೆ ಏನೆಂಬುದನ್ನು ಕುರಿಹಟ್ಟಿಯಲ್ಲಿ ಮಲಗಿದವರೇ ಬಲ್ಲರು.

ಮನೆಯವರೆಲ್ಲರ ಕೆಲಸ

ಉಣ್ಣೆ ಕಂಬಳಿಯಾಗುವ ದಾರಿ ಉದ್ದವಾದದ್ದು. ಕತ್ತರಿಸುವ ಮೊದಲು ಕುರಿಯನ್ನು ಹಳ್ಳದಲ್ಲೋ ಕೆರೆಯಲ್ಲೋ ಮೀಯಿಸುತ್ತಾರೆ. ಕತ್ತರಿ ಹಾಕುವುದು ಗಂಡಸರ ಕೆಲಸ. ಕಾಲು ಕಟ್ಟಿ ಕೆಡವಿದ ಕುರಿಗೆ ಗಾಯವಾಗದಂತೆ ಕತ್ತರಿಸುವುದೇ ಒಂದು ವಿದ್ಯೆ. ಮರಿಯ ಮೊದಲ ಕತ್ತರಿಯ ಉಣ್ಣೆ ಎಲ್ಲಕ್ಕಿಂತ ಮೃದು. ಅದನ್ನು ಬೇರೆ ಎತ್ತಿಟ್ಟು ಒಳ್ಳೆಯ ಕಂಬಳಿಗೆ ಬಳಸುತ್ತಾರೆ. ಬಣ್ಣ ಬಣ್ಣದ ಉಣ್ಣೆಯನ್ನು ಬೇರ್ಪಡಿಸಿ, ಕಸ, ಮುಳ್ಳು ಆರಿಸಿ, ಬಿಲ್ಲಿನ ಹೆದೆಯಿಂದ ಹಿಂಜಿ ಹಗುರ ಮಾಡಬೇಕು. ಆಮೇಲೆ ಹೆಂಗಸರ ಕೈಗೆ ರಾಟಿ ಬರುತ್ತದೆ.

ಈ ನೂಲುವ ಕೆಲಸವೇ ಕಂಬಳಿಯ ಬೆನ್ನೆಲುಬು, ಕಣ್ಣಿಗೆ ಬೀಳದ ಬೆನ್ನೆಲುಬು. ಮಗ್ಗದಲ್ಲಿ ಕುಳಿತವನು ದಿನಗಳ ಲೆಕ್ಕದಲ್ಲಿ ಒಂದು ಕಂಬಳಿ ಇಳಿಸಿದರೆ, ಅದಕ್ಕೆ ಬೇಕಾದ ನೂಲಿಗೆ ಅದಕ್ಕಿಂತ ಹೆಚ್ಚು ದಿನ ಬೇಕು. ಮನೆಗೆಲಸ, ಮಕ್ಕಳು, ಹೊಲದ ಕೂಲಿ ಎಲ್ಲ ಮುಗಿದ ಮೇಲಿನ ಹೊತ್ತು ಅದಕ್ಕೆ ಸಂದದ್ದು. ಕಂಬಳಿಯ ಬೆಲೆ ಕಟ್ಟುವಾಗ ಮಾತ್ರ ಈ ಹೊತ್ತು ಯಾರ ಲೆಕ್ಕಕ್ಕೂ ಬಂದದ್ದಿಲ್ಲ.

ನೂತ ನೂಲನ್ನು ಹಾಸಾಗಿ ಉದ್ದಕ್ಕೆ ಬಿಗಿದು, ಹುಣಸೆ ಬೀಜವನ್ನು ಅರೆದು ಕುದಿಸಿದ ಸರಿಯನ್ನು ಬಿರುಸು ಕುಂಚದಿಂದ ತಿಕ್ಕುತ್ತಾರೆ. ಬಿಸಿಲಿಗೆ ಒಣಗಿದ ಈ ಅಂಟು ಎಳೆಯನ್ನು ಬಿಗಿ ಮಾಡುತ್ತದೆ. ಇಲ್ಲದಿದ್ದರೆ ಕುರಿಯುಣ್ಣೆಯ ನೂಲು ಒಂದಕ್ಕೊಂದು ಸಿಕ್ಕಿಕೊಂಡು ಮಗ್ಗದಲ್ಲೇ ಹರಿಯುತ್ತದೆ. ಹುಣಸೆ ಸರಿ ಹಚ್ಚಿದ ಹೊಸ ಕಂಬಳಿ ಹಲಗೆಯಂತೆ ಸೆಟೆದಿರುತ್ತದೆ, ಬಳಸುತ್ತ ಬಳಸುತ್ತ ಮೆತ್ತಗಾಗುತ್ತದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ನೇಕಾರ ಕೂರುವ ಕುಣಿ ಮಗ್ಗ ಇದರ ಯಂತ್ರ. ಅದಕ್ಕೆ ಕರೆಂಟು ಬೇಡ, ದೊಡ್ಡ ಬಂಡವಾಳವೂ ಬೇಡ. ಬಣ್ಣ ಹಾಕುವ ಗೋಜೂ ಇಲ್ಲ. ಕುರಿಯ ಮೈಬಣ್ಣವೇ ಕಂಬಳಿಯ ಬಣ್ಣ. ಅಂಚಿನ ಬಿಳಿ ಗೆರೆ ಬಂದದ್ದು ಬಿಳಿ ಕುರಿಯಿಂದ.

ಹೀಗೆ ಹುಟ್ಟಿದ ಬಟ್ಟೆಗೆ ಊರಿನಲ್ಲಿ ಹತ್ತು ಉಪಯೋಗಗಳು. ಹಾಸಿಗೆ, ಹೊದಿಕೆ, ಮಳೆಗೆ ಕೊಡೆ, ಬಿಸಿಲಿಗೆ ನೆರಳು, ಕಾಳು ತುಂಬುವ ಗಂಟು. ಅದಕ್ಕೂ ಮಿಗಿಲಾಗಿ ಅದು ಗದ್ದುಗೆ. ಮದುವೆಯಲ್ಲಿ, ದೇವರ ಕಾರ್ಯದಲ್ಲಿ, ಹಿರಿಯರು ಕೂಡುವ ಪಂಚಾಯಿತಿಯಲ್ಲಿ ಕರಿಕಂಬಳಿ ಹಾಸದೆ ಹಾಲುಮತದವರ ಕೆಲಸ ಆರಂಭವಾಗದು. ಕುರುಬರೊಳಗಿನ ಎರಡು ಪ್ರಮುಖ ಒಳಪಂಗಡಗಳ ಹೆಸರೇ ನೂಲಿನ ಮೇಲೆ ನಿಂತಿದೆ: ಮದುವೆಯ ಕಂಕಣಕ್ಕೆ ಉಣ್ಣೆಯ ದಾರ ಕಟ್ಟುವವರು ಉಣ್ಣೆ ಕಂಕಣದವರು, ಹತ್ತಿಯ ದಾರ ಕಟ್ಟುವವರು ಹತ್ತಿ ಕಂಕಣದವರು. ಗಡಿಯಾಚೆ ಸೊಲ್ಲಾಪುರ ಜಿಲ್ಲೆಯ ಹುಲಜಂತಿಯಲ್ಲಿ ದೀಪಾವಳಿಗೆ ನಡೆಯುವ ಮಾಳಿಂಗರಾಯನ ಜಾತ್ರೆಗೆ ವಿಜಯಪುರದ ಹಳ್ಳಿಗಳಿಂದ ಜನ ಹೋಗುತ್ತಾರೆ. ಅಲ್ಲಿ ಪಲ್ಲಕ್ಕಿಗಳ ಮೇಲೆ ಭಂಡಾರದ ಜತೆಗೆ ಉಣ್ಣೆಯನ್ನೂ ತೂರುತ್ತಾರೆ. ಸಿಂದಗಿ ತಾಲ್ಲೂಕಿನ ಗೋಲಗೇರಿಯ ಗೊಲ್ಲಾಳೇಶನ ಕಥೆಯಲ್ಲಿ ಕುರಿಯ ಹಿಕ್ಕೆಯೇ ಭಕ್ತಿಯ ಬಲದಿಂದ ಲಿಂಗವಾಗುತ್ತದೆ. ಕುರಿಯಿಂದ ಬಂದ ಯಾವುದನ್ನೂ ಕೀಳೆಂದು ಈ ನಾಡು ಎಣಿಸಿರಲಿಲ್ಲ.

ಆಂಡಿಸ್ ಬೆಟ್ಟದ ಕಥೆ

ಭೂಮಿಯ ಇನ್ನೊಂದು ಬದಿಯಲ್ಲಿ, ದಕ್ಷಿಣ ಅಮೆರಿಕದ ಪೆರು ಮತ್ತು ಬೊಲಿವಿಯ ದೇಶಗಳ ಎತ್ತರದ ಬಯಲುಗಳಲ್ಲಿ, ಇದೇ ಬಗೆಯ ಇನ್ನೊಂದು ಬದುಕು ನಡೆದುಬಂದಿದೆ. ಅಲ್ಲಿನ ಪ್ರಾಣಿ ಅಲ್ಪಾಕಾ. ಕುರಿಗೆ ಉದ್ದ ಕತ್ತು ಇಟ್ಟಂತೆ ಕಾಣುವ ಇದು ನಿಜದಲ್ಲಿ ಒಂಟೆಯ ದಾಯಾದಿ. ಕಾಡಿನ ವಿಕೂನಾ ಎಂಬ ಪ್ರಾಣಿಯನ್ನು ಆರೇಳು ಸಾವಿರ ವರ್ಷಗಳ ಹಿಂದೆ ಪಳಗಿಸಿದ್ದರ ಫಲ ಇದೆಂದು ವಂಶವಾಹಿಗಳ ಅಧ್ಯಯನ ಹೇಳುತ್ತದೆ. ಸಮುದ್ರಮಟ್ಟದಿಂದ 3,500 ಮೀಟರಿಗೂ ಎತ್ತರದಲ್ಲಿ, ಹಗಲು ಬಿಸಿಲು, ರಾತ್ರಿ ಹಿಮ ಎಂಬ ಹವೆಯಲ್ಲಿ ಅದು ಬದುಕುತ್ತದೆ. ಗೊರಸಿನ ಬದಲು ಮೆತ್ತನೆಯ ಪಾದ ಇರುವುದರಿಂದ ಹುಲ್ಲಿನ ಬೇರು ಕೀಳದು.

ಇದರಲ್ಲಿ ಎರಡು ಬಗೆ. ಉಬ್ಬಿದ ಹತ್ತಿಯಂಥ ಮೈಯುಳ್ಳದ್ದು ಹುವಕಾಯ, ಜಡೆಯಂತೆ ಇಳಿಬಿದ್ದ ಎಳೆಗಳುಳ್ಳದ್ದು ಸೂರಿ. ವರ್ಷಕ್ಕೊಮ್ಮೆ ಕತ್ತರಿಸಿದರೆ ಒಂದರಿಂದ ಎರಡು ಮೂರು ಕಿಲೊ ಸಿಗುವುದುಂಟು. ಎಳೆ 18 ಮೈಕ್ರಾನ್‌ನಿಂದ 30ರ ಮೇಲಿನವರೆಗೆ. ಮೇಲಿನ ಹುರುಪೆಗಳು ಚಪ್ಪಟೆಯಾಗಿರುವುದರಿಂದ ಕೈಗೆ ನುಣುಪು. ಕುರಿಯುಣ್ಣೆಯಷ್ಟು ಜಿಡ್ಡೂ ಇಲ್ಲ. ಎರಡು ಕಡ್ಡಿಗಳಿಂದ ಸ್ವೆಟರ್, ಶಾಲು ಹೆಣೆಯುವವರು ಅಲ್ಪಾಕಾ ನೂಲನ್ನು ಮೆಚ್ಚುವುದು ಇದಕ್ಕೇ. ಆದರೆ ಸುರುಳಿ ಕಡಿಮೆಯಾದ್ದರಿಂದ ಪುಟಿಯುವ ಗುಣ ಅದಕ್ಕಿಲ್ಲ. ಭಾರದ ಸ್ವೆಟರ್ ಹೆಣೆದರೆ ದಿನ ಕಳೆದಂತೆ ಜೋಲುತ್ತದೆ. ಅದಕ್ಕಾಗಿ ಕುರಿಯುಣ್ಣೆಯನ್ನು ಬೆರೆಸುವುದು ವಾಡಿಕೆ.

ಇಲ್ಲಿ ಹೆಣಿಗೆಗೂ ನೇಯ್ಗೆಗೂ ಇರುವ ವ್ಯತ್ಯಾಸ ತಿಳಿಯುತ್ತದೆ. ಹೆಣಿಗೆಯ ಬಟ್ಟೆ ಕುಣಿಕೆಗಳ ಸಾಲು. ಅದು ಮೈಗಂಟಿ ಹಿಗ್ಗಿ ಕುಗ್ಗಬೇಕು, ಅದಕ್ಕೆ ಸಣ್ಣ ಮೆದು ನೂಲು ಬೇಕು. ಕಂಬಳಿಯ ಬಟ್ಟೆ ಹಾಸು ಹೊಕ್ಕುಗಳ ಬಿಗಿತ. ಅದು ಮೈಯಿಂದ ದೂರ ನಿಂತು ಗಾಳಿ ಮಳೆಯನ್ನು ತಡೆಯಬೇಕು. ದಖ್ಖನಿ ಉಣ್ಣೆ ಹೆಣಿಗೆಗೆ ಒದಗದೆ ಹೋದದ್ದು ಕುರಿಯ ತಪ್ಪಲ್ಲ. ಸ್ವೆಟರ್ ಹೆಣಿಗೆ ನಮ್ಮಲ್ಲಿಗೆ ಬಂದದ್ದೇ ಬ್ರಿಟಿಷರ ಕಾಲದಲ್ಲಿ. ಈಗ ಪೇಟೆಯಲ್ಲಿ ಉಲ್ಲನ್ ಎಂದು ಮಾರುವ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್ ಎಂಬ ಕೃತಕ ಎಳೆ.

ಅಲ್ಪಾಕಾದ ಭಾಗ್ಯ ಬದಲಾದದ್ದು ಮಾರುಕಟ್ಟೆಯಿಂದ. ಸ್ಪೇನಿನವರು ಇಂಕಾ ರಾಜ್ಯವನ್ನು ಗೆದ್ದು ತಮ್ಮ ಕುರಿಗಳನ್ನು ತಂದಾಗ ಅಲ್ಪಾಕಾಗಳ ಸಂಖ್ಯೆ ಕುಸಿದು, ಉಳಿದವು ಬೆಟ್ಟ ಸೇರಿದ್ದವು. 1836ರಲ್ಲಿ ಇಂಗ್ಲೆಂಡಿನ ಟೈಟಸ್ ಸಾಲ್ಟ್ ಎಂಬ ವ್ಯಾಪಾರಿ ಲಿವರ್‌ಪೂಲ್ ಬಂದರಿನಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಅಲ್ಪಾಕಾ ಉಣ್ಣೆಯ ಮೂಟೆಗಳನ್ನು ಕೊಂಡ. ಅದನ್ನು ನೂಲುವ ಉಪಾಯ ಕಂಡುಕೊಂಡು, ಅದರಿಂದ ಬಂದ ಹಣದಲ್ಲಿ ದೊಡ್ಡ ಗಿರಣಿಯನ್ನೂ ಕೆಲಸಗಾರರ ಊರನ್ನೂ ಕಟ್ಟಿದ. 1853ರಲ್ಲಿ ಗಿರಣಿ ಆರಂಭವಾದ ಆ ಊರು ಸಾಲ್ಟೇರ್, 2001ರಿಂದ ವಿಶ್ವ ಪರಂಪರೆಯ ತಾಣ. ಯಾರಿಗೂ ಬೇಡವಾದ ಉಣ್ಣೆ ಒಬ್ಬನ ಕಣ್ಣಿಗೆ ಬಿದ್ದದ್ದರಿಂದ ಸಿರಿಯಾಯಿತು.

ಈ ಸಿರಿಗೆ ಇನ್ನೊಂದು ಮುಖವೂ ಉಂಟು. ಬೇಕಾದ ಬಣ್ಣ ಹಾಕಲು ಅನುಕೂಲವೆಂದು ಗಿರಣಿಗಳು ಬಿಳಿ ಉಣ್ಣೆಗೆ ಹೆಚ್ಚು ಬೆಲೆ ಕೊಟ್ಟವು. ಕಪ್ಪು, ಕಂದು, ಬೂದು ಎಂದು 22 ಸಹಜ ಬಣ್ಣಗಳನ್ನು ಎಣಿಸುವ ಅಲ್ಪಾಕಾ ಹಿಂಡುಗಳಲ್ಲಿ ಈಗ ಹೆಚ್ಚಿನವು ಬಿಳಿಯವು. ಬಣ್ಣದ ಪ್ರಾಣಿಗಳನ್ನು ಉಳಿಸಿಕೊಳ್ಳಲು ಅಲ್ಲಿ ಈಗ ಪ್ರತ್ಯೇಕ ಪ್ರಯತ್ನ ನಡೆಸಬೇಕಾಗಿದೆ. ದುಬಾರಿ ಸ್ವೆಟರಿನ ಬೆಲೆಯಲ್ಲಿ ಬೆಟ್ಟದ ಸಾಕಣೆಗಾರನ ಪಾಲು ಸಣ್ಣದೇ. ಪ್ರಾಣಿಯ ಮೈಬಣ್ಣವನ್ನು ಸಹ ದೂರದ ಪೇಟೆ ತೀರ್ಮಾನಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಉಣ್ಣೆಯಿಂದ ಮಾಂಸಕ್ಕೆ

ದಖ್ಖನದಲ್ಲೂ ಪೇಟೆ ತೀರ್ಮಾನಿಸಿತು, ಬೇರೆ ರೀತಿಯಲ್ಲಿ. ಸ್ವಾತಂತ್ರ್ಯಾನಂತರ ದೇಶದ ಕುರಿಗಳ ಉಣ್ಣೆಯನ್ನು ನವಿರು ಮಾಡುವ ಹಂಬಲ ಸರ್ಕಾರಕ್ಕಿತ್ತು. 1962ರಲ್ಲಿ ರಾಜಸ್ಥಾನದ ಅವಿಕಾನಗರದಲ್ಲಿ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಹುಟ್ಟಿತು. ಮೆರಿನೊ, ರಾಂಬುಲೆ ಮೊದಲಾದ ವಿದೇಶಿ ಟಗರುಗಳನ್ನು ತಂದು ದಖ್ಖನಿ ಕುರಿಗೂ ಕೂಡಿಸಿ ನೋಡಿದ್ದಾಯಿತು. ಉಣ್ಣೆ ಸಣ್ಣದಾಯಿತೇನೋ ನಿಜ. ಆದರೆ ಬಿಸಿಲಲ್ಲಿ ಮೈಲುಗಟ್ಟಲೆ ನಡೆದು ಕೂಳೆ ಮೇಯುವ ಬದುಕಿಗೆ ಆ ಮಿಶ್ರತಳಿ ಒಗ್ಗಲಿಲ್ಲ. ಕುರುಬ ತನ್ನ ಹಿಂಡಿಗೆ ಅದನ್ನು ಸೇರಿಸಿಕೊಳ್ಳಲಿಲ್ಲ.

ಅವನು ಸೇರಿಸಿಕೊಂಡದ್ದು ಮತ್ತೊಂದನ್ನು. ಜತ್ತ ತಾಲ್ಲೂಕಿನ ಮಾಡಗ್ಯಾಳ ಎಂಬ ಊರಿನ ಹೆಸರಿನ ಕುರಿ ಬಿಜ್ಜರಗಿಯ ಸೀಮೆಗೆ ನೆರೆಯದು. ಎತ್ತರದ ನಿಲುವು, ಬಾಗಿದ ಮೂಗು, ಬಿಳಿ ಮೈಯ ಮೇಲೆ ಕಂದು ಮಚ್ಚೆ, ಬೇಗ ಬೆಳೆಯುವ ಮರಿ. ಒಳ್ಳೆಯ ಟಗರಾದರೆ ಸಂತೆಯಲ್ಲಿ ಲಕ್ಷದ ಮಾತು ಕೇಳಿಬರುತ್ತದೆ. ಉಣ್ಣೆ ಮಾತ್ರ ಅದರ ಮೈಮೇಲೆ ನಾಮಕಾವಾಸ್ತೆ. ಕೃಷ್ಣೆಯ ಈಚಿನ ಸೀಮೆಯಲ್ಲಿ ಯಳಗ, ರಾಯಚೂರಿನ ಕಡೆ ಕೆಂಗುರಿ. ಇವೂ ಮಾಂಸಕ್ಕೇ ಹೆಸರಾದವು. ಮಹಾರಾಷ್ಟ್ರದ ಫಲ್ಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆ ಬಂಗಾಳದ ಗರೋಲ್ ಕುರಿಯ ಅವಳಿ ಹೆರುವ ಗುಣವನ್ನು ದಖ್ಖನಿಗೆ ಸೇರಿಸಿ ರೂಪಿಸಿದ ನಾರಿ ಸುವರ್ಣ ತಳಿ ಕರ್ನಾಟಕಕ್ಕೂ ಬಂದಿದೆ. ಅದರ ಗುರಿಯೂ ಹೆಚ್ಚು ಮರಿ, ಹೆಚ್ಚು ಮಾಂಸ.

ಇದರಲ್ಲಿ ಕುರುಬನನ್ನು ದೂಷಿಸಲು ಬರುವುದಿಲ್ಲ. ಮರಿ ಮಾರಿದರೆ ಕೈತುಂಬ ದುಡ್ಡು. ಉಣ್ಣೆ ಮಾರಿದರೆ ಕತ್ತರಿಸಿದ ಕೂಲಿಯೂ ಹುಟ್ಟದು. ಎಷ್ಟೋ ಕಡೆ ಕತ್ತರಿಸಿದ ಉಣ್ಣೆಯನ್ನು ಬೇಲಿಯ ಬುಡಕ್ಕೆ ಎಸೆದು ಹೋಗುತ್ತಾರೆ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಕುರಿಗಳ ಸಂಖ್ಯೆ ಸುಮಾರು 1.1 ಕೋಟಿ, 2012ರ ಗಣತಿಗಿಂತ ಹೆಚ್ಚು. ಕುರಿ ಹೆಚ್ಚುತ್ತಿದೆ, ಕಂಬಳಿ ಕಡಿಮೆಯಾಗುತ್ತಿದೆ. ಎರಡೂ ಒಟ್ಟಿಗೆ ನಿಜ.

ನೆಲವೂ ಬದಲಾಗಿದೆ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ತಿಕೋಟಾ, ಬಬಲೇಶ್ವರ ಭಾಗಕ್ಕೆ ಬಂತು. ಬರದ ನಾಡಿನಲ್ಲಿ ದ್ರಾಕ್ಷಿಯ ಪಡಗಳು ಹಬ್ಬಿದವು, ಒಣದ್ರಾಕ್ಷಿಯ ವ್ಯಾಪಾರ ಬೆಳೆಯಿತು. ನೀರು ಬಂದದ್ದು ಯಾರಿಗೂ ಬೇಡವೆನಿಸದ ಸಂಗತಿ. ಆದರೆ ಬೇಲಿ ಹಾಕಿದ ತೋಟದಲ್ಲಿ ಕುರಿಗೆ ಜಾಗವಿಲ್ಲ, ಬೀಳುಬಿದ್ದ ಗೋಮಾಳ ಕಿರಿದಾಗುತ್ತದೆ. ಕೊಯ್ದ ಹೊಲದಲ್ಲಿ ರಾತ್ರಿ ಕುರಿ ತರುಬಿ ಗೊಬ್ಬರ ಪಡೆದು, ಬದಲಿಗೆ ಜೋಳವನ್ನೋ ಹಣವನ್ನೋ ಕೊಡುವ ಹಳೆಯ ಒಪ್ಪಂದ ಮಾತ್ರ ಇನ್ನೂ ಉಳಿದಿದೆ. ಕುರಿಗೊಬ್ಬರದ ಬೆಲೆ ತೋಟದ ರೈತನಿಗೂ ಗೊತ್ತು.

ಮಗ್ಗಕ್ಕೆ ಕಾಯ್ದೆ, ನೂಲಿಗೆ?

ಕಂಬಳಿಯನ್ನು ಸರ್ಕಾರ ಮರೆತಿಲ್ಲ. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯಡಿ ಯಂತ್ರಮಗ್ಗಗಳು ನೇಯಬಾರದ, ಕೈಮಗ್ಗಕ್ಕೇ ಮೀಸಲಾದ ಬಟ್ಟೆಗಳ ಪಟ್ಟಿಯಲ್ಲಿ ಕಂಬಳಿಯೂ ಇದೆ. ರಾಜ್ಯದಲ್ಲಿ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ ಇದೆ, ಸಹಕಾರ ಸಂಘಗಳಿವೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಕಂಬಳಿ ಸಂತೆಗೆ, ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯ ಮಗ್ಗಗಳಿಗೆ ಹೆಸರಿದೆ.

ಆದರೆ ಕಾಯ್ದೆ ಕಾಯುವುದು ಮಗ್ಗವನ್ನು. ಮಗ್ಗಕ್ಕೆ ನೂಲು ಬೇಕು, ನೂಲಿಗೆ ರಾಟಿಯ ಮುಂದೆ ಕೂರುವ ಹೆಂಗಸು ಬೇಕು, ಅವಳಿಗೆ ಕರಿಯುಣ್ಣೆಯ ಕುರಿ ಬೇಕು. ಈ ಮೂರರಲ್ಲಿ ಯಾವುದು ತಪ್ಪಿದರೂ ಮೀಸಲಾತಿಯ ಪಟ್ಟಿ ಬರಿಯ ಕಾಗದ. ಪಾಣಿಪತ್ತಿನಲ್ಲಿ ಹಳೆಯ ಬಟ್ಟೆಯ ಚಿಂದಿಯಿಂದ ತಯಾರಾಗುವ ಅಗ್ಗದ ಹೊದಿಕೆಗಳು ಸಂತೆ ಸಂತೆಗೂ ಬರುತ್ತಿವೆ. ಬೆಲೆಯಲ್ಲಿ ಅವುಗಳೊಂದಿಗೆ ಸೆಣಸುವುದು ಕೈಯಿಂದ ನೂತ ಕಂಬಳಿಗೆ ಆಗದ ಮಾತು. ನೂಲುವ ಕೈಗೆ ದಿನದ ಕೂಲಿಗೆ ಸಮನಾದ ಬೆಲೆ ಸಿಗದಿದ್ದರೆ ಮಗಳು ತಾಯಿಯ ರಾಟಿಯನ್ನು ಮುಟ್ಟುವುದಿಲ್ಲ. ಮುಟ್ಟಬೇಕೆಂದು ಕೇಳುವ ಹಕ್ಕೂ ಯಾರಿಗೂ ಇಲ್ಲ.

ಒರಟು ಉಣ್ಣೆಗೆ ತಕ್ಕ ಕೆಲಸಗಳು ಇಲ್ಲವೆಂದಲ್ಲ. ನೆಲಹಾಸು, ಜಮಖಾನೆ, ಚೀಲ, ಮನೆಯ ಗೋಡೆಗೂ ಮಾಡಿಗೂ ಶಾಖ ತಡೆಯುವ ಪದರ, ತೋಟದ ಬೇರಿನ ಬುಡಕ್ಕೆ ತೇವ ಹಿಡಿದಿಡುವ ಹೊದಿಕೆ. ಕೂದಲಿನ ಗಟ್ಟಿತನ ಇಲ್ಲೆಲ್ಲ ಗುಣವೇ. ಮೆರಿನೊದಂತಾಗು ಎಂದು ದಖ್ಖನಿಗೆ ಹೇಳುವ ಬದಲು, ಅದು ಇರುವಂತೆಯೇ ಅದಕ್ಕೊಂದು ಕೆಲಸ ಹುಡುಕುವುದು ಜಾಣತನ. ವಿಶ್ವಸಂಸ್ಥೆ 2024ನ್ನು ಅಲ್ಪಾಕಾ, ಲಾಮಾ, ಒಂಟೆಗಳ ವರ್ಷವೆಂದೂ, 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದೂ ಸಾರಿತು. ವರ್ಷಗಳು ಬಂದು ಹೋಗುತ್ತವೆ. ಮೇವಿನ ನೆಲ ಮತ್ತು ನೂಲಿನ ಬೆಲೆ ಉಳಿಯುವ ಸಂಗತಿಗಳು.

ಹುಲಜಂತಿಯ ಜಾತ್ರೆಯಲ್ಲಿ ದೇವರಿಗೆ ತೂರಲು ಉಣ್ಣೆ ಬೇಕು. ಮದುವೆಯ ಗದ್ದುಗೆಗೆ ಕರಿಕಂಬಳಿ ಬೇಕು. ಉಣ್ಣೆ ಕಂಕಣದವರ ಮನೆಯ ಮದುಮಗನ ಕೈಗೆ ಉಣ್ಣೆಯ ಒಂದೆಳೆ ದಾರ ಬೇಕು. ಮಾಂಸದ ಕುರಿಗಳ ಬಿಳಿ ಹಿಂಡಿನ ನಡುವೆ ನಾಲ್ಕು ಕರಿಕುರಿಗಳನ್ನು ಇಟ್ಟುಕೊಂಡ ಕುರುಬನನ್ನು ಈಗಲೂ ಅಲ್ಲಲ್ಲಿ ಕಾಣಬಹುದು. ಅವು ಏಕೆಂದು ಕೇಳಿದರೆ ದೇವರ ಕೆಲಸಕ್ಕೆ ಎಂಬ ಉತ್ತರ ಬರುತ್ತದೆ. ಒಂದು ಕಂಬಳಿಗೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ, ನಾಲ್ಕು ಕುರಿ.